ಯಾಜಕಕಾಂಡ ಆರೋಗ್ಯಶಾಸ್ತ್ರವಲ್ಲ

ಪ್ರಾಚೀನ ಇಸ್ರಾಯೇಲ್ಯರ ಧಾರ್ಮಿಕ ವಿಧಿಗಳಲ್ಲಿ ಅತಿ ಹೆಚ್ಚು ವ್ಯಾಖ್ಯಾನಕ್ಕೆ ಒಳಗಾದವು ಆಹಾರ ಮತ್ತು ಶುದ್ಧಿಯ ನಿಯಮಗಳು. ಯಾಜಕಕಾಂಡದ 11ರಿಂದ 15ರವರೆಗಿನ ಅಧ್ಯಾಯಗಳು, ಅರಣ್ಯಕಾಂಡದ 19ನೆಯ ಅಧ್ಯಾಯ, ಧರ್ಮೋಪದೇಶಕಾಂಡದ 14 ಮತ್ತು 23ನೆಯ ಅಧ್ಯಾಯಗಳು ಇವುಗಳ ಮುಖ್ಯ ನೆಲೆ. ಯಾವ ಪ್ರಾಣಿಯನ್ನು ತಿನ್ನಬಹುದು, ಹೆತ್ತ ಹೆಂಗಸು ಎಷ್ಟು ದಿನ ದೇವಸನ್ನಿಧಿಯಿಂದ ದೂರವಿರಬೇಕು, ಚರ್ಮದಲ್ಲಿ ಮಚ್ಚೆ ಎದ್ದವನನ್ನು ಯಾಜಕ ಹೇಗೆ ಪರೀಕ್ಷಿಸಬೇಕು, ಹೆಣ ಮುಟ್ಟಿದವನ ಮೈಲಿಗೆ ಹೇಗೆ ಕಳೆಯುತ್ತದೆ ಎಂಬುದೆಲ್ಲ ಅಲ್ಲಿ ವಿವರವಾಗಿ ಬರುತ್ತದೆ. ಈ ವಿಧಿಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ವಿವರಣೆ ಒಂದೇ. ಇವು ಆರೋಗ್ಯದ ನಿಯಮಗಳು, ರೋಗಾಣುವಿನ ಕಲ್ಪನೆಯೇ ಇಲ್ಲದ ಕಾಲದಲ್ಲಿ ಮೋಶೆ ತನ್ನ ಜನರನ್ನು ಕಾಯಿಲೆಗಳಿಂದ ಕಾಪಾಡಿದ ಬಗೆ ಇದು ಎಂಬುದು ಆ ವಿವರಣೆ. ನಂಬುವವರಿಗೆ ಇದು ದೈವಜ್ಞಾನದ ಸಾಕ್ಷ್ಯ. ನಂಬದವರಲ್ಲಿ ಅನೇಕರು ಇದನ್ನು ಅನುಭವದಿಂದ ಹುಟ್ಟಿದ ಜಾಣ್ಮೆ ಎಂದು ಒಪ್ಪಿಕೊಳ್ಳುತ್ತಾರೆ. ಎರಡೂ ಕಡೆಯವರು ಒಪ್ಪಿರುವುದರಿಂದ ಸಾಮಾನ್ಯ ಓದುಗರಲ್ಲಿ ಯಾರೂ ಇದನ್ನು ಮೂಲಗ್ರಂಥದ ಮುಂದೆ ಹಿಡಿದು ನೋಡುವುದಿಲ್ಲ. ಹಾಗೆ ಹಿಡಿದು ನೋಡಿದರೆ ಈ ವಿವರಣೆ ಯಾವ ಅಧ್ಯಾಯದಲ್ಲೂ ನಿಲ್ಲುವುದಿಲ್ಲ.

ಮೊದಲಿಗೆ, ಈ ಅಭಿಪ್ರಾಯ ಗ್ರಂಥದಷ್ಟು ಹಳೆಯದಲ್ಲ. ಕ್ರಿಸ್ತಪೂರ್ವ 2ನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸುವ, ಗ್ರೀಕ್ ಭಾಷೆಯ ಅರಿಸ್ತೆಯಾಸನ ಪತ್ರದಲ್ಲಿ ಆಹಾರ ನಿಯಮಗಳಿಗೆ ಕೊಡುವ ಕಾರಣ ನೈತಿಕವಾದುದು. ಬೇಟೆಯಾಡಿ ಬದುಕುವ ಹಕ್ಕಿಗಳನ್ನು ನಿಷೇಧಿಸಿರುವುದು ಮನುಷ್ಯ ದುರ್ಬಲರ ಮೇಲೆ ಎರಗಬಾರದೆಂದು ಕಲಿಸಲಿಕ್ಕೆ ಎಂದು ಅದು ಹೇಳುತ್ತದೆ. ಅಲೆಕ್ಸಾಂಡ್ರಿಯಾದ ಯೆಹೂದಿ ತತ್ತ್ವಜ್ಞಾನಿ ಫೈಲೋ ಮೆಲುಕು ಹಾಕುವುದನ್ನು ಕಲಿತದ್ದನ್ನು ಮತ್ತೆ ಮತ್ತೆ ನೆನೆಯುವುದರ ಸಂಕೇತವೆಂದೂ ಸೀಳು ಗೊರಸನ್ನು ಒಳಿತು ಕೆಡುಕುಗಳ ವಿವೇಕವೆಂದೂ ಓದಿದ. ಹಂದಿಮಾಂಸ ನಿಷಿದ್ಧವಾದದ್ದು ಅದು ಬಹಳ ರುಚಿಯಾದ್ದರಿಂದ, ಹೊಟ್ಟೆಬಾಕತನಕ್ಕೆ ಕಡಿವಾಣ ಹಾಕಲು ಎಂದೂ ಅವನು ಬರೆದ. ಕ್ರಿಸ್ತಶಕ 100ರ ಆಸುಪಾಸಿನ ಎಲಾಜಾರ್ ಬೆನ್ ಅಜರ್ಯ ಎಂಬ ಯೆಹೂದಿ ಗುರು ಇನ್ನೂ ನೇರವಾಗಿ ಮಾತನಾಡಿದ. ಹಂದಿಮಾಂಸ ತನಗೆ ಹಿಡಿಸದು ಎಂದು ಯಾರೂ ಹೇಳಬಾರದು, ಬಯಕೆಯಿದ್ದರೂ ಪರಲೋಕದ ತಂದೆ ಬೇಡವೆಂದಿದ್ದಾನೆ ಎನ್ನಬೇಕು ಎಂಬುದು ಅವನ ಬೋಧನೆ. ಗ್ರಂಥಕ್ಕೆ ಹತ್ತಿರವಿದ್ದ ಈ ಓದುಗರು ಯಾರೂ ಆ ನಿಯಮಗಳನ್ನು ವೈದ್ಯಕೀಯದ ಆಧಾರದ ಮೇಲೆ ನಿಲ್ಲಿಸಲಿಲ್ಲ.

ಆ ಕೆಲಸವನ್ನು ಅಧಿಕಾರಯುತವಾಗಿ ಮಾಡಿದವನು ಮೈಮೊನಿಡೀಸ್ (1138–1204). ಕೊರ್ಡೊಬಾದಲ್ಲಿ ಹುಟ್ಟಿ ಈಜಿಪ್ಟಿನಲ್ಲಿ ನೆಲೆಸಿದ ಈ ತತ್ತ್ವಜ್ಞಾನಿ ವೃತ್ತಿಯಿಂದ ಆಸ್ಥಾನ ವೈದ್ಯ. ‘ದಿಗ್ಭ್ರಾಂತರ ಮಾರ್ಗದರ್ಶಿ’ ಎಂಬ ಗ್ರಂಥದ ಮೂರನೆಯ ಭಾಗದಲ್ಲಿ ನಿಷಿದ್ಧ ಆಹಾರಗಳೆಲ್ಲ ಮೈಗೆ ಒಗ್ಗದವು ಎಂದೂ ಹಂದಿ ಕೊಳಕು ತಿನ್ನುವುದರಿಂದ ಅದನ್ನು ಸಾಕಿದರೆ ಬೀದಿ ಮನೆಗಳು ಹೊಲಸಾಗುತ್ತವೆ ಎಂದೂ ಅವನು ವಾದಿಸಿದ. ಧರ್ಮದ ಪ್ರತಿ ವಿಧಿಗೂ ಬುದ್ಧಿಗೆ ಒಪ್ಪುವ ಕಾರಣವಿರಲೇಬೇಕು ಎಂಬ ಅವನ ತತ್ತ್ವಕ್ಕೆ ಈ ವಾದ ಬೇಕಾಗಿತ್ತು. ಸುಮಾರು ಮುನ್ನೂರು ವರ್ಷಗಳ ಬಳಿಕ ಐಸಾಕ್ ಅಬರ್ಬನೆಲ್ (1437–1508) ಕೊಟ್ಟ ಉತ್ತರ ಇಂದಿಗೂ ಪೂರ್ತಿ ಸಲ್ಲುತ್ತದೆ. ಹಾಗಾದರೆ ದೇವರ ಶಾಸನ ಒಂದು ಸಣ್ಣ ವೈದ್ಯಪುಸ್ತಕದ ಮಟ್ಟಕ್ಕೆ ಇಳಿಯುತ್ತದೆ, ಮೇಲಾಗಿ ಹಂದಿಯನ್ನೂ ಹುಳುಹುಪ್ಪಟೆಗಳನ್ನೂ ತಿನ್ನುವ ಜನ ಕಣ್ಣೆದುರೇ ಗಟ್ಟಿಮುಟ್ಟಾಗಿ ಬದುಕಿದ್ದಾರೆ, ನಿಜವಾಗಿ ವಿಷಕರವಾದ ಎಷ್ಟೋ ಪದಾರ್ಥಗಳು ನಿಷೇಧದ ಪಟ್ಟಿಯಲ್ಲೇ ಇಲ್ಲ ಎಂದು ಅವನು ಹೇಳಿದ. ಅಬರ್ಬನೆಲ್ ನಾಸ್ತಿಕನಲ್ಲ, ಶ್ರದ್ಧಾವಂತ ಯೆಹೂದಿ. ಆರೋಗ್ಯವಾದವನ್ನು ಅಲ್ಲಗಳೆಯಲು ಅಶ್ರದ್ಧೆ ಬೇಕಿಲ್ಲ, ಎಚ್ಚರದ ಓದು ಸಾಕು.

ಹಳೆಯ ವಾದಕ್ಕೆ ಹೊಸ ಜೀವ ಬಂದದ್ದು 19ನೆಯ ಶತಮಾನದಲ್ಲಿ. 1835ರಲ್ಲಿ ಲಂಡನ್ನಿನ ವೈದ್ಯ ವಿದ್ಯಾರ್ಥಿ ಜೇಮ್ಸ್ ಪ್ಯಾಜೆಟ್ ಶವವೊಂದರ ಸ್ನಾಯುವಿನಲ್ಲಿ ಸುರುಳಿ ಸುತ್ತಿಕೊಂಡ ಸಣ್ಣ ಹುಳುಗಳನ್ನು ಕಂಡ. 1860ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಫ್ರೀಡ್ರಿಕ್ ಜೆಂಕರ್ ಆ ಹುಳು, ಅಂದರೆ ಟ್ರೈಕಿನೆಲ್ಲಾ, ಹಂದಿಮಾಂಸದ ಮೂಲಕ ಬಂದು ಮನುಷ್ಯನನ್ನು ಕೊಲ್ಲಬಲ್ಲದೆಂದು ತೋರಿಸಿದ. ಮೋಶೆಗೆ ಇದು ಮೊದಲೇ ಗೊತ್ತಿತ್ತು ಎಂಬ ಮಾತು ಅಲ್ಲಿಂದ ಬಲಗೊಂಡಿತು. 1963ರಲ್ಲಿ ಅಮೆರಿಕದ ವೈದ್ಯ ಎಸ್. ಐ. ಮೆಕ್‌ಮಿಲನ್ ಬರೆದ ಜನಪ್ರಿಯ ಪುಸ್ತಕ ಕೈತೊಳೆಯುವುದು, ಸುನ್ನತಿ, ರೋಗಿಗಳನ್ನು ಪ್ರತ್ಯೇಕಿಸುವುದು ಎಲ್ಲವನ್ನೂ ಈ ವಾದದ ಕೆಳಗೆ ತಂದಿತು. ಇಂದು ಪ್ರವಚನಗಳಲ್ಲೂ ಮೊಬೈಲ್ ಸಂದೇಶಗಳಲ್ಲೂ ಓಡಾಡುವ ವಾದ ಹೆಚ್ಚುಕಡಿಮೆ ಇದೇ.

ಆದರೆ ಗ್ರಂಥ ತಾನೇ ತನ್ನ ಕಾರಣವನ್ನು ಹೇಳುತ್ತದೆ. ಯಾಜಕಕಾಂಡ 11ರ ಕೊನೆಯಲ್ಲಿ ಬರುವ ಕಾರಣ ಪವಿತ್ರತೆ: ಯೆಹೋವನು ಪರಿಶುದ್ಧನಾದ್ದರಿಂದ ಅವನ ಜನರೂ ಪರಿಶುದ್ಧರಾಗಿರಬೇಕು. 20ನೆಯ ಅಧ್ಯಾಯ ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ. ದೇವರು ಈ ಜನರನ್ನು ಇತರ ಜನಾಂಗಗಳಿಂದ ಬೇರ್ಪಡಿಸಿದ್ದಾನೆ, ಆದ್ದರಿಂದ ಅವರು ಶುದ್ಧ ಪ್ರಾಣಿಯನ್ನು ಅಶುದ್ಧ ಪ್ರಾಣಿಯಿಂದ ಬೇರ್ಪಡಿಸಬೇಕು. ತಟ್ಟೆಯ ಮೇಲಿನ ವಿಂಗಡಣೆ ಜನಾಂಗದ ವಿಂಗಡಣೆಯನ್ನು ದಿನದಿನವೂ ನೆನಪಿಸಬೇಕೆಂಬುದೇ ಅಲ್ಲಿನ ತರ್ಕ. ಜ್ವರ, ಹೊಟ್ಟೆನೋವು, ಸಾವು ಯಾವುದನ್ನೂ ಆಹಾರ ನಿಯಮಕ್ಕೆ ಕಾರಣವಾಗಿ ಹೇಳಿಲ್ಲ. ವಿಧೇಯರಾಗಿದ್ದರೆ ಈಜಿಪ್ಟಿನ ರೋಗಗಳು ಬಾರವು ಎಂಬ ಭರವಸೆ ವಿಮೋಚನಕಾಂಡ 15ರಲ್ಲೂ ಧರ್ಮೋಪದೇಶಕಾಂಡ 7ರಲ್ಲೂ ಇದೆ, ಆರೋಗ್ಯವಾದಿಗಳು ಇದನ್ನೇ ಮುಂದೆ ಮಾಡುತ್ತಾರೆ. ಆದರೆ ಅದು ಎಲ್ಲ ಆಜ್ಞೆಗಳಿಗೂ ಸೇರಿದ ಭರವಸೆ. ಅದೇ ಧರ್ಮೋಪದೇಶಕಾಂಡದ 28ನೆಯ ಅಧ್ಯಾಯದಲ್ಲಿ ಅವಿಧೇಯತೆಗೆ ರೋಗದ ಜೊತೆಗೆ ಬರಗಾಲವೂ ಯುದ್ಧದ ಸೋಲೂ ಸೆರೆಯೂ ಶಿಕ್ಷೆಯಾಗಿ ಬರುತ್ತವೆ. ಅಲ್ಲಿ ರೋಗ ಕಳಿಸುವವನು ಯೆಹೋವ, ಕಾಯುವವನೂ ಅವನೇ. ಊಟದ ವಸ್ತುವಿನಿಂದ ರೋಗ ಹರಡುವ ಕಲ್ಪನೆ ಆ ವಾಕ್ಯಗಳಲ್ಲಿಲ್ಲ.

ಆಹಾರದ ಪಟ್ಟಿಯನ್ನೇ ನೋಡಬಹುದು. ನೆಲದ ಮೇಲಿನ ಪ್ರಾಣಿ ಮೆಲುಕು ಹಾಕಬೇಕು, ಗೊರಸು ಪೂರ್ತಿ ಸೀಳಿರಬೇಕು. ನೀರಿನ ಪ್ರಾಣಿಗೆ ಈಜುರೆಕ್ಕೆಯೂ ಹುರುಪೆಯೂ ಇರಬೇಕು. ಒಂದೇ ಲಕ್ಷಣವಿರುವ ನಾಲ್ಕು ಪ್ರಾಣಿಗಳನ್ನು ಹೆಸರಿಸಿ ಹೊರಗಿಟ್ಟಿದೆ: ಒಂಟೆ, ಬಂಡೆಗಳ ನಡುವೆ ಬದುಕುವ ಹೈರಾಕ್ಸ್, ಮೊಲ ಮತ್ತು ಹಂದಿ. ಮೊಲ ಮೆಲುಕು ಹಾಕುತ್ತದೆ ಎಂದು ಗ್ರಂಥ ಹೇಳುತ್ತದೆ. ಮೊಲದ ಹೊಟ್ಟೆಯಲ್ಲಿ ಅಂಥ ವ್ಯವಸ್ಥೆ ಇಲ್ಲ. ಆದರೆ ಇದು ಮುಖ್ಯವಲ್ಲ, ಸದಾ ದವಡೆ ಆಡಿಸುವ ಪ್ರಾಣಿಯನ್ನು ನೋಡುವ ಕಣ್ಣು ಹಾಗೆ ಎಣಿಸುವುದು ಸಹಜ. ಮುಖ್ಯವಾದದ್ದು ಲಕ್ಷಣಗಳೆಲ್ಲ ಹೊರಗಿನ ರೂಪಕ್ಕೆ ಸೇರಿವೆ ಎಂಬುದು. ಮಾಂಸ ಹಸಿಯೇ ಬೆಂದದ್ದೇ, ತಾಜಾ ಆಗಿದೆಯೇ ಹಳಸಿದೆಯೇ ಎಂಬ ಪ್ರಶ್ನೆ ಈ ವಿಂಗಡಣೆಯಲ್ಲಿ ಏಳುವುದೇ ಇಲ್ಲ. ಟ್ರೈಕಿನೆಲ್ಲಾ ತಡೆಯಲು ಬೇಕಾಗಿದ್ದದ್ದು ಮಾಂಸವನ್ನು ಚೆನ್ನಾಗಿ ಬೇಯಿಸಿರಿ ಎಂಬ ಒಂದು ಮಾತು. ಅದು ಅಲ್ಲಿಲ್ಲ. ಒಂಟೆಯ ಮಾಂಸವನ್ನು ಪಕ್ಕದ ಮರುಭೂಮಿಯ ಅರಬರು ತಲೆತಲಾಂತರದಿಂದ ತಿಂದು ಬದುಕಿದ್ದಾರೆ.

ಇನ್ನು ಶುದ್ಧವೆಂದು ಒಪ್ಪಿದ ಪ್ರಾಣಿಗಳ ಕಡೆಗೆ ತಿರುಗಿದರೆ ವಾದ ಮತ್ತೂ ದುರ್ಬಲವಾಗುತ್ತದೆ. ದನದ ಮಾಂಸದಿಂದ ಲಾಡಿಹುಳು ಬರುತ್ತದೆ. ದನ, ಕುರಿ, ಆಡುಗಳಿಂದ ಆಂಥ್ರಾಕ್ಸ್ ಬರುತ್ತದೆ. ಆಡಿನ ಹಸಿ ಹಾಲಿನಿಂದ ಬರುವ ಬ್ರುಸೆಲ್ಲೋಸಿಸ್ ಮೆಡಿಟರೇನಿಯನ್ ತೀರದ ಜನರನ್ನು ದೀರ್ಘಕಾಲ ಕಾಡಿದ ಜ್ವರ. ಅದರ ರೋಗಾಣುವನ್ನು ಮಾಲ್ಟಾದಲ್ಲಿ ಡೇವಿಡ್ ಬ್ರೂಸ್ 1887ರಲ್ಲಿ ಬೇರ್ಪಡಿಸಿದ. ಅದು ಆಡುಗಳಲ್ಲಿದೆ ಎಂದು ಥೆಮಿಸ್ಟೋಕ್ಲಿಸ್ ಜಮ್ಮಿತ್ 1905ರಲ್ಲಿ ಕಂಡುಹಿಡಿದ. ಕಾನಾನಿನ ಬೆಟ್ಟಗಾಡಿನ ರೈತ ದಿನವೂ ಕರೆದು ಕುಡಿಯುತ್ತಿದ್ದದ್ದು ಆಡಿನ ಹಾಲು. ಆರೋಗ್ಯ ಕಾಯಲು ಹೊರಟ ಶಾಸನಕಾರ ಅದರ ಬಗ್ಗೆ ಒಂದು ಎಚ್ಚರಿಕೆಯನ್ನಾದರೂ ಕೊಡಬೇಕಿತ್ತು. ಆಡಿನ ಹಾಲಿನ ಬಗ್ಗೆ ಶಾಸನ ಮೂರು ಸಲ ಹೇಳುವುದು ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಎಂಬುದನ್ನು ಮಾತ್ರ.

ಅನುಭವದಿಂದ ಹಂದಿಯ ಅಪಾಯ ತಿಳಿಯಿತು ಎಂಬ ವಾದಕ್ಕೂ ನೆಲೆಯಿಲ್ಲ. ಟ್ರೈಕಿನೆಲ್ಲಾ ಸೋಂಕಿನ ಮುಖ್ಯ ಲಕ್ಷಣಗಳಾದ ಜ್ವರ ಮತ್ತು ಸ್ನಾಯು ನೋವು ಸಾಮಾನ್ಯವಾಗಿ ತಿಂದ ಒಂದೆರಡು ವಾರಗಳ ಬಳಿಕ ಕಾಣಿಸಿಕೊಳ್ಳುತ್ತವೆ. ನಡುವೆ ಹತ್ತಾರು ಊಟಗಳಾಗಿರುತ್ತವೆ. ಸೂಕ್ಷ್ಮದರ್ಶಕವಿದ್ದ ಯುರೋಪಿಗೂ ಇದು 1860ರವರೆಗೆ ತಿಳಿಯಲಿಲ್ಲ. ಇತ್ತ ಹಂದಿಯ ಬಗೆಗಿನ ಹಿಂಜರಿಕೆ ಇಸ್ರಾಯೇಲ್ಯರೊಬ್ಬರದೇ ಅಲ್ಲ. ಹಿಟ್ಟೈಟರ ದೇವಾಲಯದ ನಿಯಮಗಳಲ್ಲಿ ದೇವರ ಅಡುಗೆಮನೆಯ ಹತ್ತಿರ ಹಂದಿ ನಾಯಿಗಳನ್ನು ಬಿಡಬಾರದೆಂದಿದೆ. ಹಂದಿ ಕಾಯುವವರಿಗೆ ಈಜಿಪ್ಟಿನ ದೇವಾಲಯಗಳಲ್ಲಿ ಪ್ರವೇಶವಿರಲಿಲ್ಲ ಎಂದು ಹೆರೊಡೋಟಸ್ ಬರೆದಿದ್ದಾನೆ. ಅಲ್ಲೆಲ್ಲ ಪ್ರಶ್ನೆ ದೇವಸನ್ನಿಧಿಯದು.

ಧರ್ಮೋಪದೇಶಕಾಂಡ 14ರ 21ನೆಯ ವಚನ ಆರೋಗ್ಯವಾದಕ್ಕೆ ಮಾರಕವಾದುದು. ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನು ಇಸ್ರಾಯೇಲ್ಯನು ತಿನ್ನಬಾರದು. ಆದರೆ ಊರಿನಲ್ಲಿರುವ ಪರದೇಶಿಗೆ ಅದನ್ನು ತಿನ್ನಲು ಕೊಡಬಹುದು, ಇಲ್ಲವೇ ಅನ್ಯನಿಗೆ ಮಾರಬಹುದು. ಕಾರಣವನ್ನೂ ಅದೇ ವಚನ ಹೇಳುತ್ತದೆ: ಇಸ್ರಾಯೇಲ್ಯರು ದೇವರಿಗೆ ಮೀಸಲಾದ ಜನ. ಆ ಮಾಂಸ ರೋಗಕರವೆಂದು ಶಾಸನಕಾರನಿಗೆ ಗೊತ್ತಿದ್ದರೆ ಈ ಅನುಮತಿ ಆಶ್ರಯ ಬೇಡಿ ಬಂದವನಿಗೆ ತಿಳಿದೂ ವಿಷವಿಕ್ಕುವ ಅನುಮತಿಯಾಗುತ್ತದೆ. ಅದೇ ಗ್ರಂಥ ಪರದೇಶಿಯನ್ನು ಪ್ರೀತಿಸಬೇಕೆಂದು 10ನೆಯ ಅಧ್ಯಾಯದಲ್ಲಿ ಆಜ್ಞಾಪಿಸುತ್ತದೆ. ಆರೋಗ್ಯವಾದಿಗಳು ಮೋಶೆಯನ್ನು ಹೊಗಳಲು ಹೋಗಿ ಅವನ ಮೇಲೆ ಹೊರಿಸುವ ಆರೋಪ ಎಷ್ಟು ಘೋರವೆಂಬುದನ್ನು ಗಮನಿಸುವುದಿಲ್ಲ. ಯಾಜಕಕಾಂಡದ ನಿಲುವೇ ಬೇರೆ. 17ನೆಯ ಅಧ್ಯಾಯದ ಪ್ರಕಾರ ಸತ್ತದ್ದನ್ನು ತಿಂದವನು ಸ್ವದೇಶಿಯಾಗಲಿ ಪರದೇಶಿಯಾಗಲಿ ಬಟ್ಟೆ ಒಗೆದು ಸ್ನಾನ ಮಾಡಬೇಕು, ಸಂಜೆಯವರೆಗೆ ಅಶುದ್ಧನಾಗಿರಬೇಕು, ಆಮೇಲೆ ಶುದ್ಧ. 22ನೆಯ ಅಧ್ಯಾಯ ಯಾಜಕರಿಗೆ ಅದನ್ನು ಪ್ರತ್ಯೇಕವಾಗಿ ನಿಷೇಧಿಸುತ್ತದೆ. ಒಂದೇ ಮಾಂಸ ಯಾಜಕನಿಗೆ ನಿಷಿದ್ಧ, ರೈತನಿಗೆ ಸಂಜೆಯವರೆಗಿನ ಮೈಲಿಗೆ, ಮತ್ತೊಂದು ಕಾಂಡದಲ್ಲಿ ಅನ್ಯನಿಗೆ ಮಾರಾಟದ ಸರಕು. ರೋಗಾಣು ತಿನ್ನುವವನ ಕುಲ ನೋಡಿ ನಡೆಯುವುದಿಲ್ಲ.

ಕೊಬ್ಬಿನ ವಿಷಯ ಚಿಕ್ಕದು. ಎತ್ತು, ಕುರಿ, ಆಡುಗಳ ಕೊಬ್ಬು ನಿಷಿದ್ಧ ಎಂಬುದನ್ನು ಈಚೆಗೆ ಹೃದಯದ ಆರೋಗ್ಯಕ್ಕೆ ಜೋಡಿಸುತ್ತಾರೆ. ಇವು ಮೂರೂ ಯಜ್ಞಕ್ಕೆ ಸಲ್ಲುವ ಪ್ರಾಣಿಗಳು. ಕೊಬ್ಬು ಯೆಹೋವನ ಪಾಲು ಎಂದು ಯಾಜಕಕಾಂಡ 3 ಸ್ಪಷ್ಟವಾಗಿ ಹೇಳುತ್ತದೆ.

ನೀರಿನ ನಿಯಮ ಇನ್ನೂ ಹೆಚ್ಚಿನ ಗಮನಕ್ಕೆ ಅರ್ಹ. ಯಾಜಕಕಾಂಡ 11ರಲ್ಲಿ ಇಲಿ, ಹಲ್ಲಿ ಮೊದಲಾದ ಹರಿದಾಡುವ ಜೀವಿ ಸತ್ತು ಮಣ್ಣಿನ ಪಾತ್ರೆಯೊಳಗೆ ಬಿದ್ದರೆ ಆ ಪಾತ್ರೆಯನ್ನು ಒಡೆದುಹಾಕಬೇಕು. ಮರದ ಪಾತ್ರೆ, ಬಟ್ಟೆ, ಚರ್ಮ, ಚೀಲಗಳನ್ನು ನೀರಿನಲ್ಲಿಟ್ಟರೆ ಸಂಜೆಗೆ ಶುದ್ಧವಾಗುತ್ತವೆ. ಇಷ್ಟನ್ನೇ ಓದಿದರೆ ಸ್ವಚ್ಛತೆಯ ನಿಯಮದಂತೆ ಕಾಣುತ್ತದೆ, ಆರೋಗ್ಯವಾದಿಗಳು ಇಲ್ಲಿಗೇ ನಿಲ್ಲುತ್ತಾರೆ. ಮುಂದಿನ ವಚನಗಳಲ್ಲಿ ಬುಗ್ಗೆಗೂ ನೀರು ತುಂಬಿದ ತೊಟ್ಟಿಗೂ ಹೆಣ ಬಿದ್ದರೆ ದೋಷವಿಲ್ಲ ಎಂದಿದೆ. ಹೆಣವನ್ನು ಮುಟ್ಟಿ ಎತ್ತಿದವನು ಅಶುದ್ಧ, ನೀರು ಶುದ್ಧ. ಒಣ ಬೀಜದ ಮೇಲೆ ಹೆಣ ಬಿದ್ದರೆ ಬೀಜ ಶುದ್ಧ, ನೀರು ತಾಗಿದ ಬೀಜದ ಮೇಲೆ ಬಿದ್ದರೆ ಅಶುದ್ಧ. ಊರಿಗೆಲ್ಲ ಕಾಯಿಲೆ ಹರಡಬಲ್ಲ ದಾರಿ ಕುಡಿಯುವ ನೀರಿನ ತೊಟ್ಟಿ. ಶಾಸನ ಆ ದಾರಿಯನ್ನು ತೆರೆದೇ ಬಿಟ್ಟು, ನಾಲ್ಕು ಜನ ಉಣ್ಣುವ ಮಡಕೆಯನ್ನು ಒಡೆಸುತ್ತದೆ. ಇದಕ್ಕೆ ಲೌಕಿಕವಾದ ಕಾರಣ ಊಹಿಸುವುದು ಕಷ್ಟವಲ್ಲ. ಮಳೆಗಾಲ ಮುಗಿದ ಮೇಲೆ ತಿಂಗಳುಗಟ್ಟಲೆ ಹನಿ ಬೀಳದ ನಾಡಿನಲ್ಲಿ ತೊಟ್ಟಿಯ ನೀರನ್ನು ಚೆಲ್ಲಿಸುವ ನಿಯಮವನ್ನು ಯಾರೂ ಪಾಲಿಸಲಾರರು, ಬಿತ್ತನೆ ಬೀಜ ಎಸೆಯಿರಿ ಎಂದರೂ ಅಷ್ಟೆ. ಮಡಕೆ ಅಗ್ಗ. ಮೈಲಿಗೆಯ ನಿಯಮ ಬದುಕಿನ ಅಗತ್ಯಕ್ಕೆ ಬಾಗಿದೆ, ಆರೋಗ್ಯಕ್ಕೆ ಅಲ್ಲ.

ಆರೋಗ್ಯವಾದದ ಕೋಟೆ ಎನಿಸಿದ ಭಾಗ ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳು. ಚರ್ಮದ ಮೇಲೆ ಮಚ್ಚೆ ಕಂಡವನನ್ನು ಯಾಜಕ ನೋಡುತ್ತಾನೆ, ಏಳು ದಿನ ಕೂಡಿಹಾಕುತ್ತಾನೆ, ಮತ್ತೆ ನೋಡುತ್ತಾನೆ, ಬೇಕಾದರೆ ಇನ್ನೂ ಏಳು ದಿನ ಕೂಡಿಹಾಕುತ್ತಾನೆ. ಅಶುದ್ಧನೆಂದು ತೀರ್ಮಾನವಾದರೆ ಅವನು ಪಾಳೆಯದ ಹೊರಗೆ ಒಂಟಿಯಾಗಿ ವಾಸಿಸಬೇಕು. ಜಗತ್ತಿನ ಮೊದಲ ಕ್ವಾರಂಟೈನ್ ಎಂದು ಇದನ್ನು ಕೊಂಡಾಡುತ್ತಾರೆ. ಇಲ್ಲಿ ವಿವರಿಸಿದ ಲಕ್ಷಣಗಳು, ಅಂದರೆ ಬಿಳುಪಾದ ಕೂದಲು, ಹೊಟ್ಟು, ವಾರದೊಳಗೆ ಕಾಣುವ ಬದಲಾವಣೆ, 1873ರಲ್ಲಿ ನಾರ್ವೆಯ ಗೆರ್ಹಾರ್ಡ್ ಹ್ಯಾನ್ಸನ್ ರೋಗಾಣುವನ್ನು ಕಂಡುಹಿಡಿದ ಕುಷ್ಠಕ್ಕೆ ಹೊಂದುವುದಿಲ್ಲ. ಬೆರಳು ಸವೆಯುವುದು, ಸ್ಪರ್ಶಜ್ಞಾನ ಹೋಗುವುದು ಎಲ್ಲೂ ಬರುವುದಿಲ್ಲ. ಅದನ್ನು ಬದಿಗಿಟ್ಟರೂ ಮೂರು ವಿಧಿಗಳು ಸೋಂಕಿನ ವಿವರಣೆಯನ್ನು ಕೆಡವುತ್ತವೆ.

ಒಂದು, 13ರ 12 ಮತ್ತು 13ನೆಯ ವಚನಗಳು. ಮಚ್ಚೆ ತಲೆಯಿಂದ ಕಾಲಿನವರೆಗೆ ಮೈಯೆಲ್ಲ ಹಬ್ಬಿ ಬೆಳ್ಳಗಾಗಿದ್ದರೆ ಆ ಮನುಷ್ಯ ಶುದ್ಧ. ಅಲ್ಲಲ್ಲಿ ಹಸಿ ಮಾಂಸ ಕಂಡರೆ ಮಾತ್ರ ಅಶುದ್ಧ. ರೋಗ ಪೂರ್ತಿ ಹರಡಿದವನನ್ನು ಮನೆಗೆ ಕಳಿಸುವ ಸೋಂಕುತಡೆ ಇರಲಾರದು. ಇಲ್ಲಿ ಯಾಜಕ ನೋಡುತ್ತಿರುವುದು ಮೈ ಒಂದೇ ಬಗೆಯಾಗಿದೆಯೇ, ಬದುಕಿದ ಮಾಂಸವೂ ಸತ್ತ ಚರ್ಮವೂ ಬೆರೆತಿವೆಯೇ ಎಂಬುದನ್ನು.

ಎರಡು, ಮನೆಯ ವಿಧಿ. ಗೋಡೆಯಲ್ಲಿ ಹಸಿರು ಅಥವಾ ಕೆಂಪು ಕಲೆ ಎದ್ದರೆ ಅದೂ ಇದೇ ದೋಷ. ಅದನ್ನು ಮನೆಯಲ್ಲಿ ಇಡುವವನು ಯೆಹೋವನೇ ಎಂದು 14ರ 34ನೆಯ ವಚನ ಹೇಳುತ್ತದೆ. ಪರೀಕ್ಷೆಗೆ ಯಾಜಕ ಬರುವ ಮೊದಲೇ ಮನೆಯ ಸಾಮಾನನ್ನೆಲ್ಲ ಹೊರಗೆ ಸಾಗಿಸಬೇಕು. ಕಾರಣ, ಅವನು ಅಶುದ್ಧವೆಂದು ಸಾರಿದರೆ ಒಳಗಿದ್ದ ವಸ್ತುಗಳೂ ಅಶುದ್ಧವಾಗುತ್ತವೆ. ಹೊರಗೆ ತಂದ ಹಾಸಿಗೆ ಪಾತ್ರೆಗಳು ನಿನ್ನೆಯವರೆಗೂ ಅದೇ ಗೋಡೆಯ ಪಕ್ಕದಲ್ಲಿದ್ದವು. ಅವುಗಳಿಗೆ ದೋಷವಿಲ್ಲ. ಅಶುದ್ಧಿ ಹುಟ್ಟುವುದು ಯಾಜಕನ ಮಾತಿನಿಂದ, ಬೂಷ್ಟಿನಿಂದಲ್ಲ. ಗೋಡೆಯ ಬೂಷ್ಟನ್ನು ಶಕುನವೆಂದು ಓದಿ ಶಾಂತಿ ಮಾಡಿಸುವ ಪದ್ಧತಿ ಮೆಸೊಪೊಟೇಮಿಯಾದ ಜೇಡಿಮಣ್ಣಿನ ಹಲಗೆಗಳಲ್ಲೂ ಸಿಗುತ್ತದೆ.

ಮೂರು, ಚಿಕಿತ್ಸೆಯೇ ಇಲ್ಲ. ಯಾಜಕ ಲೇಪ ಕೊಡುವುದಿಲ್ಲ, ಕಷಾಯ ಹೇಳುವುದಿಲ್ಲ. ರೋಗ ತಾನಾಗಿ ವಾಸಿಯಾದ ಮೇಲೆ ಎರಡು ಹಕ್ಕಿ, ದೇವದಾರು, ಕೆಂಪು ದಾರ, ಹಿಸ್ಸೋಪ್ ಗಿಡ ತರಿಸುತ್ತಾನೆ. ಒಂದು ಹಕ್ಕಿಯನ್ನು ಹರಿಯುವ ನೀರಿನ ಮೇಲೆ ಕೊಯ್ದು, ಆ ರಕ್ತವನ್ನು ಏಳು ಸಲ ಚಿಮುಕಿಸಿ, ಇನ್ನೊಂದನ್ನು ಬಯಲಿಗೆ ಹಾರಿಬಿಡುತ್ತಾನೆ. ಎಂಟನೆಯ ದಿನ ಬಲಿಯ ರಕ್ತವನ್ನು ಬಲಗಿವಿ, ಬಲಗೈ ಹೆಬ್ಬೆರಳು, ಬಲಗಾಲ ಹೆಬ್ಬೆರಳುಗಳಿಗೆ ಹಚ್ಚುತ್ತಾನೆ. ಆರೋನನನ್ನು ಯಾಜಕನಾಗಿ ಪ್ರತಿಷ್ಠಿಸುವಾಗ ರಕ್ತ ಹಚ್ಚಿದ್ದೂ ಇದೇ ಮೂರು ಕಡೆ. ಅಶುದ್ಧನೆನಿಸಿದವನು ಬಟ್ಟೆ ಹರಿದುಕೊಂಡು, ತಲೆಗೂದಲು ಕೆದರಿ, ಮೇಲ್ದುಟಿ ಮುಚ್ಚಿಕೊಳ್ಳಬೇಕು. ಇವು ಹೀಬ್ರೂ ಸಮಾಜದಲ್ಲಿ ಸಾವಿನ ಮನೆಯ ಗುರುತುಗಳು. ಮೇಲ್ದುಟಿ ಮುಚ್ಚುವುದನ್ನು ಉಸಿರಿನ ಮಾಸ್ಕ್ ಎಂದು ವಿವರಿಸುವವರು ಯೆಹೆಜ್ಕೇಲ 24ನ್ನು ಓದಬೇಕು. ಅಲ್ಲಿ ಪ್ರವಾದಿ ಹೆಂಡತಿ ಸತ್ತಾಗ ಮಾಡಬಾರದೆಂದು ದೇವರು ಹೇಳಿದ ಶೋಕಾಚರಣೆಗಳಲ್ಲಿ ಅದೂ ಒಂದು.

ಯೆಹೂದಿ ಗುರುಗಳ ಧರ್ಮವಿಧಿಗಳ ಸಂಗ್ರಹವಾದ, ಕ್ರಿಸ್ತಶಕ 200ರ ಸುಮಾರಿನ ಮಿಷ್ನಾ ಗ್ರಂಥ ಈ ವಿಧಿಯನ್ನು ಅರ್ಥ ಮಾಡಿಕೊಂಡ ರೀತಿಯೂ ಇದನ್ನೇ ಹೇಳುತ್ತದೆ. ಮದುಮಗನ ಮೈಯಲ್ಲಿ ಮಚ್ಚೆ ಕಂಡರೆ ಮದುವೆಯ ಏಳು ದಿನ ಮುಗಿಯುವವರೆಗೆ ಪರೀಕ್ಷೆ ಬೇಡ, ಹಬ್ಬದ ದಿನಗಳಲ್ಲೂ ಬೇಡ. ಅನ್ಯಜನರಿಗೆ ಈ ಅಶುದ್ಧಿ ತಗಲುವುದೇ ಇಲ್ಲ. ಸೋಂಕಿನ ಭಯವಿದ್ದವರು ಜನಜಂಗುಳಿ ಸೇರುವ ಹಬ್ಬಕ್ಕೂ ಮದುವೆಗೂ ವಿನಾಯಿತಿ ಕೊಡುತ್ತಿರಲಿಲ್ಲ.

ಹೆಣದ ಮೈಲಿಗೆಯ ವಿಧಿಯನ್ನು ವಿಯೆನ್ನಾದ ಸೆಮ್ಮೆಲ್ವೈಸ್ 1847ರಲ್ಲಿ ಮಾಡಿದ ಕೆಲಸದ ಜೊತೆ ಹೋಲಿಸುವುದು ವಾಡಿಕೆ. ಶವಪರೀಕ್ಷೆ ಮಾಡಿದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದ ವೈದ್ಯರಿಗೆ ಅವನು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ, ಬಾಣಂತಿಯರ ಸಾವು ಇಳಿಯಿತು. ಅರಣ್ಯಕಾಂಡ 19ರಲ್ಲಿರುವುದು ಬೇರೆಯೇ ಕ್ರಿಯೆ. ನೊಗ ಹೊರದ ಕೆಂಪು ಆಕಳನ್ನು ಚರ್ಮ, ಮಾಂಸ, ರಕ್ತ, ಸೆಗಣಿ ಸಮೇತ ಸುಟ್ಟು, ಬೆಂಕಿಗೆ ದೇವದಾರು, ಹಿಸ್ಸೋಪ್, ಕೆಂಪು ದಾರ ಎಸೆದು, ಆ ಬೂದಿಯನ್ನು ಇಟ್ಟುಕೊಳ್ಳಬೇಕು. ಹೆಣ ಮುಟ್ಟಿದವನಿಗೆ ಮೂರನೆಯ ಮತ್ತು ಏಳನೆಯ ದಿನ ಆ ಬೂದಿ ಬೆರೆಸಿದ ನೀರು ಚಿಮುಕಿಸಬೇಕು. ಬೂದಿ, ದೇವದಾರಿನ ಎಣ್ಣೆ, ಹಿಸ್ಸೋಪ್ ಸೇರಿ ಸಾಬೂನಾಗುತ್ತಿತ್ತು ಎಂಬ ವಿವರಣೆ ಉರಿಯುವ ಬೆಂಕಿಯಲ್ಲಿ ಎಣ್ಣೆ ಉಳಿಯುವುದಿಲ್ಲ ಎಂಬುದನ್ನೇ ಮರೆಯುತ್ತದೆ. ಚಿಮುಕಿಸುವುದು ತೊಳೆಯುವುದಲ್ಲ, ಮೂರು ದಿನ ಕಾದು ಚಿಮುಕಿಸುವುದು ಸೋಂಕು ತಡೆಯುವುದಂತೂ ಅಲ್ಲ. ಅಶುದ್ಧನನ್ನು ಶುದ್ಧ ಮಾಡುವ ಆ ನೀರನ್ನು ಚಿಮುಕಿಸಿದವನು ತಾನು ಅಶುದ್ಧನಾಗುತ್ತಾನೆ. 1ನೆಯ ಶತಮಾನದ ಯೆಹೂದಿ ಗುರು ಯೋಹಾನಾನ್ ಬೆನ್ ಝಕ್ಕೈ ಶಿಷ್ಯರಿಗೆ ಹೇಳಿದನೆಂದು ಸಂಪ್ರದಾಯದಲ್ಲಿ ಬಂದಿರುವ ಮಾತು ಈ ಎಲ್ಲ ವೈಜ್ಞಾನಿಕ ಕಸರತ್ತಿಗಿಂತ ಪ್ರಾಮಾಣಿಕವಾದುದು: ಹೆಣ ಅಶುದ್ಧಗೊಳಿಸುವುದಿಲ್ಲ, ನೀರು ಶುದ್ಧಗೊಳಿಸುವುದಿಲ್ಲ, ಅದು ರಾಜಾಧಿರಾಜನ ಕಟ್ಟಳೆ ಅಷ್ಟೆ. ಊಟದ ಮುಂಚೆ ಜನಸಾಮಾನ್ಯರು ಕೈತೊಳೆಯಬೇಕೆಂಬ ವಿಧಿ ಮೋಶೆಯ ಐದು ಕಾಂಡಗಳಲ್ಲಿ ಇಲ್ಲವೇ ಇಲ್ಲ. ಯಾಜಕರು ಯಜ್ಞವೇದಿಗೆ ಹೋಗುವ ಮುನ್ನ ಕೈಕಾಲು ತೊಳೆಯಬೇಕೆಂದು ಮಾತ್ರ ವಿಮೋಚನಕಾಂಡ 30ರಲ್ಲಿದೆ.

ಎಂಟನೆಯ ದಿನದ ಸುನ್ನತಿಯ ಬಗ್ಗೆ ಮೆಕ್‌ಮಿಲನ್ ಹರಡಿದ ವಾದ ಬಹಳ ದೂರ ಹೋಗಿದೆ. ಮಗುವಿನ ರಕ್ತ ಹೆಪ್ಪುಗಟ್ಟಿಸುವ ಪ್ರೋಥ್ರಾಂಬಿನ್ ಆ ದಿನವೇ ಗರಿಷ್ಠವಾಗಿರುತ್ತದೆ ಎಂಬುದು ವಾದ. ವಿಟಮಿನ್ ಕೆ ಕೊರತೆಯ ರಕ್ತಸ್ರಾವ ಹುಟ್ಟಿ ವಾರಗಳು ಕಳೆದ ಮೇಲೂ ಬರಬಹುದು. ಇಂದು ಹುಟ್ಟಿದ ಕೂಡಲೇ ಮಗುವಿಗೆ ಆ ವಿಟಮಿನ್ ಚುಚ್ಚುವುದು ಇದಕ್ಕಾಗಿ. ಆದರೆ ಉತ್ತರ ಗ್ರಂಥದೊಳಗೇ ಇದೆ. ದನ ಕುರಿಗಳ ಚೊಚ್ಚಲು ಮರಿ ಏಳು ದಿನ ತಾಯಿಯ ಬಳಿ ಇದ್ದು ಎಂಟನೆಯ ದಿನ ದೇವರಿಗೆ ಸಲ್ಲಬೇಕು. ಆರೋನನ ಪ್ರತಿಷ್ಠೆ ಏಳು ದಿನ ನಡೆದು ಎಂಟನೆಯ ದಿನ ಅವನು ಬಲಿಪೀಠಕ್ಕೆ ಬರುತ್ತಾನೆ. ಚರ್ಮದೋಷ ವಾಸಿಯಾದವನೂ ಸ್ರಾವ ನಿಂತವನೂ ಎಂಟನೆಯ ದಿನವೇ ಬಲಿ ತರಬೇಕು. ಏಳು ದಿನಗಳ ಒಂದು ಸುತ್ತು ಮುಗಿದು ಹೊಸದು ತೊಡಗುವ ದಿನ ಎಂಟನೆಯದು. ಕರುವಿನ ಪ್ರೋಥ್ರಾಂಬಿನ್ ನೋಡಿ ಯಾರೂ ಆ ದಿನ ಗೊತ್ತುಮಾಡಿರಲಿಲ್ಲ. ನಿಜವಾದ ವೈದ್ಯಕೀಯ ವಿವೇಕ ಹೇಗಿರುತ್ತದೆ ಎಂಬುದನ್ನು ಯೆಹೂದಿ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ತೋರಿಸುತ್ತದೆ. ಸುನ್ನತಿಯಿಂದ ಒಬ್ಬ ತಾಯಿಯ ಇಬ್ಬರು ಗಂಡುಮಕ್ಕಳು ಸತ್ತಿದ್ದರೆ ಮೂರನೆಯವನಿಗೆ ಮಾಡಬೇಡಿ ಎಂಬ ಅಭಿಪ್ರಾಯ ಅಲ್ಲಿ ದಾಖಲಾಗಿದೆ. ಸಾವುಗಳನ್ನು ಕಂಡು ಮನುಷ್ಯರು ಮಾಡಿದ ತಿದ್ದುಪಡಿ ಅದು.

ಆರೋಗ್ಯವಾದಿಗಳ ಪರವಾಗಿ ಹೇಳಬಹುದಾದ ಒಂದು ವಿಧಿ ಧರ್ಮೋಪದೇಶಕಾಂಡ 23ರಲ್ಲಿದೆ. ಯುದ್ಧಕ್ಕೆ ಹೊರಟ ಪಾಳೆಯದಲ್ಲಿ ಮಲವಿಸರ್ಜನೆಗೆ ಹೊರಗೆ ಹೋಗಿ, ಗುಂಡಿ ತೋಡಿ, ಮುಚ್ಚಬೇಕು. ಇದು ಒಳ್ಳೆಯ ಅಭ್ಯಾಸವೆಂಬುದರಲ್ಲಿ ಸಂಶಯವಿಲ್ಲ. ಕಾರಣವಾಗಿ ಗ್ರಂಥ ಹೇಳುವುದು ಮಾತ್ರ ಪಾಳೆಯದ ನಡುವೆ ಯೆಹೋವ ಸಂಚರಿಸುತ್ತಾನೆ, ಅಸಹ್ಯವಾದದ್ದು ಅವನ ಕಣ್ಣಿಗೆ ಬೀಳಬಾರದು ಎಂದು. ಊರಿನ ಮನೆಗಳಿಗೆ ಈ ನಿಯಮವನ್ನು ಹೇಳಿಲ್ಲ. ಮೈಲಿಗೆಯ ಮೂಲಗಳನ್ನು ಪಟ್ಟಿಮಾಡುವ ಯಾಜಕಕಾಂಡ 11ರಿಂದ 15ರವರೆಗೆ ಮಲಮೂತ್ರಗಳ ಹೆಸರೇ ಬರುವುದಿಲ್ಲ. ವೀರ್ಯ, ಮುಟ್ಟಿನ ರಕ್ತ, ಸ್ರಾವ, ಹೆಣ, ಹೆರಿಗೆ ಎಲ್ಲವೂ ಇವೆ. ಕಾಲರಾ, ಆಮಶಂಕೆ, ಟೈಫಾಯ್ಡ್, ಹೊಟ್ಟೆಹುಳು ಹರಡುವ ವಸ್ತುವೊಂದೇ ಇಲ್ಲ.

ಇದೇ ವಾದದ ಬೆನ್ನಿಗೆ ಒಂದು ಇತಿಹಾಸವನ್ನೂ ಕಟ್ಟಿದ್ದಾರೆ: 14ನೆಯ ಶತಮಾನದ ಮಹಾ ಪ್ಲೇಗಿನಲ್ಲಿ ಯೆಹೂದಿಗಳು ಈ ನಿಯಮಗಳಿಂದಾಗಿ ಉಳಿದುಕೊಂಡರು, ಅದಕ್ಕೇ ನೆರೆಯವರು ಅವರನ್ನು ಶಂಕಿಸಿದರು ಎಂದು. 1348ರಲ್ಲಿ ಪೋಪ್ ಆರನೆಯ ಕ್ಲೆಮೆಂಟ್ ಯೆಹೂದಿಗಳನ್ನು ರಕ್ಷಿಸಲು ಹೊರಡಿಸಿದ ಶಾಸನ, ಅವರೂ ಅದೇ ಪಿಡುಗಿಗೆ ತುತ್ತಾಗುತ್ತಿದ್ದಾರೆ, ಯೆಹೂದಿಗಳೇ ಇಲ್ಲದ ಕಡೆಯೂ ಪಿಡುಗು ಇದೆ, ಬಾವಿಗೆ ವಿಷ ಹಾಕಿದರೆಂಬುದು ಸುಳ್ಳು ಎಂದು ಸಾರಿತು. ಅದನ್ನು ಕೇಳದೆ 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಯೆಹೂದಿಗಳನ್ನು ಸುಟ್ಟರು. ಪ್ಲೇಗು ಅವರನ್ನು ಮುಟ್ಟಲಿಲ್ಲ ಎಂಬ ಕಥೆ ಹೊಗಳಿಕೆಯಂತೆ ಕಂಡರೂ ಆ ಕೊಲೆಗಾರರ ಆರೋಪಕ್ಕೆ ಒತ್ತಾಸೆಯಾಗುವಂಥದು. ಅದನ್ನು ಮತ್ತೆ ಹೇಳುವವರು ಇದನ್ನು ತಿಳಿದಿರಬೇಕು.

ಆರೋಗ್ಯವಲ್ಲವಾದರೆ ಈ ವಿಧಿಗಳು ಏನು ಎಂಬ ಪ್ರಶ್ನೆಗೆ ವಿದ್ವಾಂಸರಲ್ಲಿ ಒಂದೇ ಉತ್ತರವಿಲ್ಲ. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರ ಕೃತಿಯಲ್ಲಿ ಅಶುದ್ಧವೆಂದರೆ ವರ್ಗೀಕರಣಕ್ಕೆ ಸರಿಹೊಂದದ್ದು ಎಂದು ವಾದಿಸಿದರು. ನಡೆಯುವುದಕ್ಕೆ, ಹಾರುವುದಕ್ಕೆ, ಈಜುವುದಕ್ಕೆ ತಕ್ಕ ರೂಪವಿಲ್ಲದ ಪ್ರಾಣಿ ಹೊರಗೆ. ಮುಂದೆ ಅವರೇ ಆ ವಾದವನ್ನು ಬಹಳಷ್ಟು ಬದಲಿಸಿಕೊಂಡರು. ಜೇಕಬ್ ಮಿಲ್‌ಗ್ರಾಮ್ ಯಾಜಕಕಾಂಡದ ಮೇಲಿನ ತಮ್ಮ ಬೃಹತ್ ಭಾಷ್ಯದಲ್ಲಿ ಅಶುದ್ಧಿಯ ಮೂಲಗಳನ್ನೆಲ್ಲ ಸಾವಿಗೆ ಜೋಡಿಸಿದರು. ಹೆಣ, ಜೀವಶಕ್ತಿ ಸೋರುವ ರಕ್ತ ವೀರ್ಯಗಳು, ಹೆಣದಂತೆ ಕಾಣುವ ಚರ್ಮ. ಮಲಮೂತ್ರ ಪಟ್ಟಿಯಲ್ಲಿಲ್ಲದ್ದನ್ನೂ ಶೋಕದ ಗುರುತುಗಳನ್ನೂ ಈ ವಿವರಣೆ ಸರಿಯಾಗಿ ಹಿಡಿಯುತ್ತದೆ. ಉಣ್ಣೆ ನಾರುಬಟ್ಟೆಗಳ ಮಿಶ್ರಣ ಜನರಿಗೆ ನಿಷಿದ್ಧವಾಗಿದ್ದು ಮಹಾಯಾಜಕನ ಏಫೋದ್ ಎಂಬ ಮೇಲುಡುಪಿನಲ್ಲಿ ಕಡ್ಡಾಯವಾಗಿರುವುದನ್ನು ನೋಡಿದರೆ ದೇವರ ಪಾಲನ್ನು ಜನರ ಪಾಲಿನಿಂದ ಬೇರಿಡುವ ಉದ್ದೇಶವೂ ಕಾಣುತ್ತದೆ. ಮಡಿ, ಮೈಲಿಗೆ, ಸೂತಕಗಳನ್ನು ಬಲ್ಲ ಕನ್ನಡ ಓದುಗರಿಗೆ ಈ ಲೋಕ ಅಪರಿಚಿತವಲ್ಲ.

ಈ ವಿಧಿಗಳನ್ನು ಜನ ಯಾವಾಗಿನಿಂದ ಪಾಲಿಸಿದರು ಎಂಬುದೂ ಮುಖ್ಯ. ಜೀವ ಉಳಿಸುವ ಜ್ಞಾನವಾಗಿದ್ದರೆ ಅದು ಆರಂಭದಿಂದಲೇ ಅಡುಗೆಮನೆಯಲ್ಲಿ ಕಾಣಬೇಕಿತ್ತು. ಯೋನಾತಾನ್ ಆಡ್ಲರ್ ಮತ್ತು ಓಮ್ರಿ ಲೆರ್ನಾವ್ 2021ರಲ್ಲಿ ಪ್ರಕಟಿಸಿದ ಮೀನುಮೂಳೆಗಳ ಅಧ್ಯಯನ ಬೇರೆಯೇ ಚಿತ್ರ ಕೊಡುತ್ತದೆ. ಯೆರೂಸಲೇಮನ್ನೂ ಒಳಗೊಂಡು ಯೂದಾಯದ ನೆಲೆಗಳಲ್ಲಿ ಹುರುಪೆಯಿಲ್ಲದ ಕ್ಯಾಟ್‌ಫಿಶ್‌ನಂಥ ಮೀನುಗಳನ್ನು ಕಬ್ಬಿಣ ಯುಗದಲ್ಲೂ ಪರ್ಷಿಯನ್ನರ ಕಾಲದಲ್ಲೂ ತಿನ್ನುತ್ತಿದ್ದರು. ಹಂದಿಯ ಮೂಳೆಗಳು ಬೆಟ್ಟಗಾಡಿನ ನೆಲೆಗಳಲ್ಲಿ ವಿರಳ, ಎಕ್ರೋನ್, ಅಷ್ಕೆಲೋನ್‌ಗಳಂಥ ಫಿಲಿಷ್ಟಿಯರ ನಗರಗಳಲ್ಲಿ ಹೇರಳ. ಆದರೆ ಉತ್ತರದ ಇಸ್ರಾಯೇಲ್ ರಾಜ್ಯದ ಕೆಲವು ನೆಲೆಗಳಲ್ಲೂ ಅವು ಸಿಕ್ಕಿವೆ. ವಿಧಿಗಳು ಸಮುದಾಯದ ಗಡಿ ಗುರುತಾಗಿ ನಿಧಾನವಾಗಿ ಬೇರೂರಿದವು ಎಂಬುದಕ್ಕೆ ಈ ಮೂಳೆಗಳು ಹೊಂದುತ್ತವೆ.

ಆರೋಗ್ಯವಾದದ ಅತಿ ದೊಡ್ಡ ಹಾನಿ ಹೆಂಗಸರ ಕುರಿತ ವಿಧಿಗಳಲ್ಲಿ ಆಗಿದೆ. ಯಾಜಕಕಾಂಡ 12ರ ಪ್ರಕಾರ ಗಂಡು ಹೆತ್ತವಳ ಅಶುದ್ಧಿ ಏಳು ದಿನ, ಆಮೇಲೆ ಮೂವತ್ತಮೂರು ದಿನ. ಹೆಣ್ಣು ಹೆತ್ತವಳಿಗೆ ಹದಿನಾಲ್ಕು ದಿನ, ಆಮೇಲೆ ಅರುವತ್ತಾರು ದಿನ. ಒಂದು ಕಡೆ 40, ಇನ್ನೊಂದು ಕಡೆ 80. ಇದನ್ನು ಬಾಣಂತಿಯ ವಿಶ್ರಾಂತಿ ಎಂದು ವಿವರಿಸುವವರು ಹೆಣ್ಣುಮಗುವಿನ ತಾಯಿಗೆ ಇಮ್ಮಡಿ ವಿಶ್ರಾಂತಿ ಯಾಕೆ ಬೇಕೆಂದು ಹೇಳುವುದಿಲ್ಲ. ಗ್ರಂಥ ಆಕೆಗೆ ವಿಶ್ರಾಂತಿಯನ್ನು ವಿಧಿಸಿಯೂ ಇಲ್ಲ. ಅದು ವಿಧಿಸುವುದು ಪವಿತ್ರ ವಸ್ತು ಮುಟ್ಟಬಾರದು, ದೇವಾಲಯಕ್ಕೆ ಬರಬಾರದು ಎಂಬುದನ್ನು. ದಿನಗಳು ತುಂಬಿದ ಮೇಲೆ ಆಕೆ ದೋಷಪರಿಹಾರದ ಬಲಿ ತರಬೇಕು. 15ನೆಯ ಅಧ್ಯಾಯದಲ್ಲಿ ಮುಟ್ಟಾದವಳು ಕುಳಿತ ಆಸನ, ಮಲಗಿದ ಹಾಸಿಗೆ ಮುಟ್ಟಿದವನು ಸಂಜೆಯವರೆಗೆ ಅಶುದ್ಧ. ಆಕೆಯ ಮೈ ಹೇಗಿದೆ, ನೋವಿದೆಯೇ, ಕೆಲಸ ಕಡಿಮೆ ಮಾಡಬೇಕೇ ಎಂಬುದರ ಬಗ್ಗೆ ಒಂದು ಮಾತೂ ಇಲ್ಲ. ಅಧ್ಯಾಯ ಮುಗಿಯುವುದು ತಮ್ಮ ನಡುವಿನ ದೇವಗುಡಾರವನ್ನು ಅಶುದ್ಧಗೊಳಿಸಿ ಜನ ಸಾಯಬಾರದೆಂಬ ಎಚ್ಚರಿಕೆಯಿಂದ. ಹೆಂಗಸಿನ ಮೈಯನ್ನು ದೇವಸನ್ನಿಧಿಗೆ ಅಪಾಯವೆಂದು ಎಣಿಸಿದ ವಿಧಿ ಇದು. ಅದಕ್ಕೆ ವೈದ್ಯಕೀಯದ ಮುದ್ರೆ ಒತ್ತುವುದು ಗ್ರಂಥಕ್ಕೆ ಮಾಡುವ ಗೌರವವಲ್ಲ, ವಿಜ್ಞಾನಕ್ಕೆ ಮಾಡುವ ನ್ಯಾಯವಲ್ಲ, ಆ ಹೆಂಗಸರಿಗಂತೂ ಅನ್ಯಾಯ.